ಊರಿನ ಹೆಸರಿಲ್ಲದ ಪತ್ರಗಳು

ಹಿಪ್ಪರಗಿ
14 ಅಕ್ಟೋಬರ್ 2024

ತಮ್ಮ ದುರಗೇಶನಿಗೆ, ನಿನ್ನ ಅಕ್ಕ ಕರೆವ್ವ ಬರೆಯುವುದು.

ಪಾಕೀಟಿನ ಮೇಲೆ ನನ್ನ ಅಕ್ಷರ ನೋಡಿ ಒಡೆಯದೆ ಇಡಬೇಡ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಮೂರು ವರ್ಷವಾಯಿತು. ಮೊನ್ನೆ ನೆರೆಮನೆಯ ಲಗಮವ್ವನ ಫೋನಿನಿಂದ ಹಚ್ಚಿದೆ. "ಹಲೋ, ಯಾರ್ರಿ?" ಅಂದೆ ನೀನು. "ನಾನೋ ತಮ್ಮಾ" ಅಂತ ನಾನು ಅನ್ನುವುದರೊಳಗೆ ನೀನು ಇಟ್ಟುಬಿಟ್ಟೆ. ಲಗಮವ್ವ ನನ್ನ ಮುಖ ನೋಡಿ, "ರೇಂಜ್ ಇಲ್ಲೇನೋ ಬಿಡ" ಅಂದಳು. ರೇಂಜ್ ಇತ್ತು ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಟಪಾಲನ್ನು ಬ್ಲಾಕ್ ಮಾಡಲಿಕ್ಕೆ ಬರುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಸಾಲಿ ಆರನೇ ಇಯತ್ತೆಗೇ ಮುಗಿದದ್ದು ನಿನಗೆ ಗೊತ್ತು. ತಪ್ಪಿದ್ದರೆ ತಿದ್ದಿಕೊಂಡು ಓದು.

ವಿಷಯ ಸಾತಪ್ಪಣ್ಣನದು. ಒಂದು ತಿಂಗಳಿಂದ ಅವನು ಕಂಪ್ಯೂಟರಿನಲ್ಲಿ ನಿನಗೆ ಬರೆದ ಪತ್ರಗಳೆಲ್ಲ ಮರಳಿ ಬರುತ್ತಿವೆ. ಕಳಿಸಿದ ಗಳಿಗೆಗೇ ತಿರುಗಿ ಅವನ ಡಬ್ಬಿಗೇ ಬಂದು ಬೀಳುತ್ತವೆ, ನೀನು ಬಾಗಿಲಲ್ಲೇ ಕಾದು ನಿಂತು ಎಸೆದ ಹಾಗೆ. ಮೂರು ವರ್ಷ ಒಂದಕ್ಕೂ ನೀನು ಉತ್ತರ ಕೊಡಲಿಲ್ಲ. ಆಗಲಿ, ಸಿಟ್ಟಿತ್ತು, ಕೊಡಲಿಲ್ಲ. ಆದರೆ ಮುಟ್ಟುತ್ತಿದ್ದವು. "ಓದ್ತಾನಲ್ಲ, ಅಷ್ಟ ಸಾಕು" ಅಂತ ಅಣ್ಣ ಸಮಾಧಾನ ಮಾಡಿಕೊಂಡಿದ್ದ. ಈಗ ಆ ಸಮಾಧಾನವೂ ಹೋಯಿತು.

ಆ ಕಂಪ್ಯೂಟರ್ ತಂದವನು ನೀನೇ. ಕಾಲೇಜಿನವರು ಮೂಲೆಗೆ ಒಗೆದಿದ್ದನ್ನು ಬನಹಟ್ಟಿಯಿಂದ ಬೈಕಿಗೆ ಕಟ್ಟಿಕೊಂಡು ಬಂದು, ಲಿನಕ್ಸ್ ಅನ್ನುವುದನ್ನು ಹಾಕಿ ಓಡುವ ಹಾಗೆ ಮಾಡಿದೆ. ಅಣ್ಣನಿಗೆ ಬ್ಯಾರೇಜಿನ ಗೇಟಿನ ಪಾಳಿ, ನಿನಗೆ ಕಾಲೇಜು, ನನಗೆ ಸಾಲಿಯ ಬಿಸಿಯೂಟದ ಅಡುಗೆ. ಮೂವರೂ ಒಂದೇ ಹೊತ್ತಿಗೆ ಮನೆಯಲ್ಲಿ ಇರುತ್ತಿದ್ದದ್ದೇ ಇಲ್ಲ. ಅದಕ್ಕೆ ನೀನು ಅದರೊಳಗೆ ಮೂವರ ಹೆಸರಿಗೂ ಪತ್ರ ಬೀಳುವ ಒಂದೊಂದು ಡಬ್ಬಿ ಮಾಡಿಕೊಟ್ಟೆ. "ಬುಟ್ಟ್ಯಾಗ ರೊಟ್ಟಿ ಅದಾವು, ಮೊಸರ ಮುಗದೈತಿ" ಅಂತ ನಾನು ಬರೆದಿಟ್ಟು ಹೋದರೆ ಅಣ್ಣ ಪಾಳಿ ಮುಗಿಸಿ ಬಂದು ಓದುತ್ತಿದ್ದ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ದಿನಾ ಕೇಳುತ್ತಿದ್ದ, "ನನಗೇನರ ಬಂದೈತೇನ್ ಬೇ?"

ಹೋದ ಮಾಗಿಯಲ್ಲಿ ಅಣ್ಣನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವಲ್ಲ, ಆಮೇಲೆ ಆ ಕಂಪ್ಯೂಟರೇ ಅವನ ಬಾಯಿ. ಎಡಗೈಯ ಒಂದೇ ಬೆರಳಿನಿಂದ ಒತ್ತುತ್ತಾನೆ. ಸಂಜೆ ಊಟದ ಮೊದಲು ನಿನಗೊಂದು ಪತ್ರ. ಒಂದು ದಿನವೂ ತಪ್ಪಿಸಿಲ್ಲ. ಜಮಖಂಡಿ ದವಾಖಾನೆಗೆ ನಿನ್ನ ಹೆಂಡತಿ ಪ್ರತಿಮಾ ಬಂದು ನೋಡಿ ಹೋದಳು. ನೀನು ಕೆಳಗೆ ರಸ್ತೆಯಲ್ಲಿ ಬೈಕಿನ ಮೇಲೆ ಕೂತಿದ್ದೆ. ನಾನು ಮೇಲಿನ ಕಿಟಕಿಯಿಂದ ನೋಡಿದೆ. ಅಣ್ಣನಿಗೆ ಹೇಳಲಿಲ್ಲ.

ಮೊದಲನೇ ಪತ್ರ ಮರಳಿದಾಗ ಅಣ್ಣ ಏನೋ ತಪ್ಪು ಒತ್ತಿದೆ ಅಂದುಕೊಂಡ. ಎರಡನೆಯದು ಬಂತು, ಮೂರನೆಯದು ಬಂತು. ಈಗ ಅರ್ಧ ರೊಟ್ಟಿಗೆ ತಾಟು ಸರಿಸುತ್ತಾನೆ. ನನಗೆ ಹೆದರಿಕೆ. ನೀನು ಉತ್ತರ ಬರೆಯಬೇಡ. ಬರೇ ತಿರುಗಿಸಬೇಡ. ತಗೊಂಡು ಸುಮ್ಮನೆ ಇಟ್ಟುಕೋ. ಅಷ್ಟು ಮಾಡು.

ಪಿನ್ ಕೋಡ್ ಸರಿ ಬರೆದಿದ್ದೇನೋ ಇಲ್ಲವೋ. ಎರಡು ಸಲ ನೋಡಿದ್ದೇನೆ.

ನಿನ್ನ ಅಕ್ಕ
ಕರೆವ್ವ


ಮುಧೋಳ
21 ಅಕ್ಟೋಬರ್ 2024

ಅಕ್ಕಾ,

ಪತ್ರ ಬಂತು. ನಾನು ಯಾರ ಪತ್ರವನ್ನೂ ತಿರುಗಿಸಿಲ್ಲ. ತಿರುಗಿಸಬೇಕಾದರೆ ಮೊದಲು ಬರಬೇಕಲ್ಲ? ಈ ಮೂರು ವರ್ಷದಲ್ಲಿ ಅವನಿಂದ ಒಂದು ಅಕ್ಷರ ನನಗೆ ಬಂದಿಲ್ಲ. ದಿನಾ ಬರೆದಿದ್ದೇನೆ ಅಂತ ಅವನು ನಿನ್ನನ್ನು ನಂಬಿಸಿದ್ದರೆ, ಅಪ್ಪನ ಮಣ್ಣಿನ ದಿನ ಹೇಳಿದ ಸುಳ್ಳಿಗೆ ಇದೊಂದು ಜೋಡಿ.

ಆ ದಿನ ನಾನು ಘಟಪ್ರಭೆಯ ಆಚೆ ಪ್ರತಿಮಾಳ ತವರಿನಲ್ಲಿ ಸಿಕ್ಕಿಕೊಂಡಿದ್ದೆ. ಸೇತುವೆ ಮುಳುಗಿತ್ತು. ಒಂದು ದಿನ ತಡಿ ಅಂತ ಫೋನಿನಲ್ಲಿ ಬೇಡಿಕೊಂಡೆ. "ಹೊಳಿ ಏರಾಕತ್ತೈತಿ, ಕಾಯಾಕ ಆಗೂದಿಲ್ಲ" ಅಂದ. ಗೇಟು ಎತ್ತುವವನೂ ಅವನೇ, ಇಳಿಸುವವನೂ ಅವನೇ. ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲವೇ? ಮೂರನೇ ದಿನವೂ ಹೊಳೆ ಅಪ್ಪನನ್ನು ಹೂಳಿದ ನಮ್ಮ ಹೊಲದ ಬದುವಿಗೆ ಮುಟ್ಟಲಿಲ್ಲ. ನಾನು ಸುತ್ತು ಹಾಕಿ ಬಂದಾಗ ಗುಂಡಿ ಮುಚ್ಚಿ ಮೇಲೆ ಕಲ್ಲಿಟ್ಟಿದ್ದರು. ಹೆತ್ತ ಅಪ್ಪನಿಗೆ ಒಂದು ಹಿಡಿ ಮಣ್ಣು ಹಾಕುವುದೂ ನನಗೆ ಸಿಗಲಿಲ್ಲ. ಯಾಕೆ ಅಂತ ಅಂಗಳದಲ್ಲಿ ನಿಂತು ಕೇಳಿದೆ. ಅವನು ಬಾಯಿ ಬಿಡಲಿಲ್ಲ. ಆಗ ಅವನಿಗೆ ಮಾತು ಇತ್ತು.

ಇರಲಿ. ಯಂತ್ರ ಕೆಟ್ಟಿದ್ದರೆ ಅದನ್ನು ಹಾಕಿಕೊಟ್ಟವನು ನಾನು, ಅಷ್ಟು ನೋಡುತ್ತೇನೆ. ಮರಳಿ ಬಂದ ಒಂದು ಪತ್ರವನ್ನು ತೆರೆಸು. ಮೇಲ್ಗಡೆ ಯಂತ್ರವೇ ಬರೆದ ಇಂಗ್ಲಿಷ್ ಸಾಲುಗಳು ಇರುತ್ತವೆ. ಅವನ್ನು ಇದ್ದ ಹಾಗೆ, ಚುಕ್ಕೆ ಅಡ್ಡಗೆರೆ ಬಿಡದೆ, ಹಾಳೆಯಲ್ಲಿ ಇಳಿಸಿ ಕಳಿಸು. ಕೆಳಗೆ ಅವನು ಬರೆದದ್ದನ್ನು ಕಳಿಸಬೇಡ. ಅದು ನನಗೆ ಬೇಡ.

ದುರಗೇಶ


ಹಿಪ್ಪರಗಿ
28 ಅಕ್ಟೋಬರ್ 2024

ತಮ್ಮಾ,

ಬೇರೆ ಹಾಳೆಯಲ್ಲಿ ಇಳಿಸಿ ಇದರ ಜೊತೆ ಇಟ್ಟಿದ್ದೇನೆ. ಎರಡು ಮಧ್ಯಾಹ್ನ ಹಿಡಿಯಿತು. ಓದಿ ಬರೆಯಲಿಕ್ಕೆ ನನಗೆ ಬರುವುದಿಲ್ಲ, ರಂಗೋಲಿ ನೋಡಿ ಹಾಕಿದ ಹಾಗೆ ಹಾಕಿದ್ದೇನೆ. ಒಂದು ಕಡೆ ಓರೆಗೆರೆ ಬಲಕ್ಕೆ ವಾಲಿದೆಯೋ ಎಡಕ್ಕೋ ಅಂತ ಅನುಮಾನ ಬಂದು ಮತ್ತೆ ಮೊದಲಿಂದ ಬರೆದೆ. ಅಣ್ಣ ಪಕ್ಕದಲ್ಲಿ ಕೂತು, ನಾನು ಬಿಟ್ಟ ಚುಕ್ಕೆಗೆ ಬೆರಳು ಇಟ್ಟು ತೋರಿಸಿದ. ಕೆಳಗಿನ ಅವನ ಬರಹದ ಮೇಲೆ ನಾನೇ ಕೈ ಅಡ್ಡ ಇಟ್ಟುಕೊಂಡಿದ್ದೆ. ಒಬ್ಬರ ಪತ್ರ ಇನ್ನೊಬ್ಬರು ಓದಬಾರದು ಅಂತ ಅಪ್ಪ ಹೇಳುತ್ತಿದ್ದನಲ್ಲ, ಓದಲು ಬಾರದವನು.

ನಿನ್ನ ಪತ್ರದಲ್ಲಿ ಸುಳ್ಳು ಅನ್ನುವ ಮಾತು ಇತ್ತು. ಅದನ್ನು ಅಣ್ಣನಿಗೆ ತೋರಿಸಲಿಲ್ಲ. "ತಮ್ಮ ಯಂತ್ರ ನೋಡ್ತೀನಿ ಅಂದಾನ" ಅಂತ ಅಷ್ಟೇ ಹೇಳಿದೆ. ಅವನ ಕಣ್ಣು ನೋಡಬೇಕಿತ್ತು ನೀನು.

ಆದರೆ ನನ್ನ ತಲೆ ಕೆಟ್ಟುಹೋಗಿದೆ. ಒಂದೂ ಬಂದಿಲ್ಲ ಅಂತ ನೀನು ಹೇಳುತ್ತೀ. ದಿನಾ ಸಂಜೆ ನನ್ನ ಕಣ್ಣೆದುರೇ ಅವನು ಬರೆದಿದ್ದಾನೆ. ನಿಮ್ಮಿಬ್ಬರಲ್ಲಿ ಒಬ್ಬನನ್ನು ಸುಳ್ಳ ಅಂತ ನಂಬಬೇಕಾದರೆ ನಾನು ಯಾರನ್ನು ನಂಬಲಿ? ಯಾರನ್ನೂ ನಂಬದೆ ಅಡುಗೆ ಮಾಡಿಕೊಂಡಿದ್ದೇನೆ. ಮೊನ್ನೆ ಸಾಲಿಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಜೊತೆ ಅಡುಗೆ ಮಾಡುವ ಹಣಮವ್ವ, "ಕರೆವ್ವಕ್ಕಾ, ಹುಡುಗರು ನೀರು ಕುಡದ ಕುಡದ ಹೊಳಿ ಬತ್ತೀತ ಬೇ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಏನಾದರೂ ತಪ್ಪು ಒತ್ತಿದರೆ ಕಂಪ್ಯೂಟರ್ ಸಿಡಿಯುವುದಿಲ್ಲ ತಾನೇ? ಅದರ ಹಿಂದೆಯೇ ಸಿಲಿಂಡರ್ ಇದೆ. ಸರಿಸಿಡಲೇ?

ನಿನ್ನ ಅಕ್ಕ
ಕರೆವ್ವ


ಮುಧೋಳ
4 ನವೆಂಬರ್ 2024

ಅಕ್ಕಾ,

ಸಿಡಿಯುವುದಿಲ್ಲ. ನೀನು ಇಳಿಸಿದ್ದರಲ್ಲಿ ಒಂದು ಚುಕ್ಕೆಯೂ ತಪ್ಪಿಲ್ಲ. ರೋಗ ಗೊತ್ತಾಯಿತು. ಆ ಯಂತ್ರದಲ್ಲಿ ನನ್ನ ಹೆಸರಿನ ಡಬ್ಬಿ ತುಂಬಿಹೋಗಿದೆ. ಡಬ್ಬಿಗೆ ಇಷ್ಟೇ ಅಂತ ಒಂದು ಮಿತಿ ಇರುತ್ತದೆ. ಮಿತಿ ದಾಟಿದರೆ ಬಂದದ್ದನ್ನು ಬಂದ ಕೂಡಲೇ ತಿರುಗಿಸುತ್ತದೆ.

ಯಾಕೆ ತುಂಬಿತು ಅಂತಲೂ ಹೇಳುತ್ತೇನೆ. ದಿನಾ ಬೆಳಗ್ಗೆ ಆರಕ್ಕೆ ಮನೆಯ ಕಡತಗಳನ್ನೆಲ್ಲ, ಡಬ್ಬಿಗಳನ್ನೂ ಸೇರಿಸಿ, ಒಂದು ಸಣ್ಣ ಹಾರ್ಡ್ ಡಿಸ್ಕಿಗೆ ನಕಲು ಮಾಡು ಅಂತ ಯಂತ್ರಕ್ಕೆ ಹೇಳಿಟ್ಟಿದ್ದೆ. ಮನೆ ಬಿಟ್ಟ ದಿನ ಆ ಡಿಸ್ಕನ್ನು ಕಿತ್ತುಕೊಂಡು ಬಂದೆ. ಅದರಲ್ಲಿ ಅಪ್ಪ ಹಾಡಿದ ಬೀರೇಶ್ವರನ ಡೊಳ್ಳಿನ ಪದಗಳಿವೆ, ನಾನೇ ತುಂಬಿಕೊಂಡದ್ದು. ಅವನ್ನು ಆ ಮನೆಯಲ್ಲಿ ಬಿಡಲು ಮನಸ್ಸಾಗಲಿಲ್ಲ. ಅಂದಿನಿಂದ ಯಂತ್ರ ದಿನಾ ಬೆಳಗ್ಗೆ ನನ್ನ ಡಬ್ಬಿಗೆ ಒಂದು ದೂರು ಬರೆಯುತ್ತದೆ: ಡಿಸ್ಕು ಅದರ ಜಾಗದಲ್ಲಿಲ್ಲ, ಇದು ನಕಲಾಗಲಿಲ್ಲ, ಅದು ನಕಲಾಗಲಿಲ್ಲ ಅಂತ ಪುಟಗಟ್ಟಲೆ. ಮೂರು ವರ್ಷದ ದೂರು ಸೇರಿ ಡಬ್ಬಿ ತುಂಬಿದೆ. ಅದರಲ್ಲಿ ಇರುವುದು ಅಷ್ಟೇ. ಕಸ. ಚೆಲ್ಲಬೇಕು.

ನನ್ನ ಹೆಸರಿನಲ್ಲಿ ಒಳಗೆ ಹೋಗು. ಪಾಸ್‌ವರ್ಡ್ ಅಪ್ಪನ ಹೆಸರು, ಕಾಮಣ್ಣ, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ. ಆಮೇಲೆ ಹಾಳೆಯ ಹಿಂದೆ ದೊಡ್ಡದಾಗಿ ಬರೆದ ಸಾಲನ್ನು ಇದ್ದ ಹಾಗೆ ಒತ್ತು. ಮೊದಲಿಗೆ ಬಲಕ್ಕೆ ನೋಡುವ ಬಾಣದ ಗುರುತು, ಅದನ್ನು ಮರೆಯಬೇಡ. ನಂತರ ಎಂಟರ್. ಅದು ನಿನ್ನನ್ನು ಏನೂ ಕೇಳುವುದಿಲ್ಲ. ಡಬ್ಬಿ ಖಾಲಿಯಾಗುತ್ತದೆ.

ಇಷ್ಟಾದರೆ ನನ್ನ ಕೆಲಸ ಮುಗಿಯಿತು.

ದುರಗೇಶ


ಹಿಪ್ಪರಗಿ
11 ನವೆಂಬರ್ 2024

ತಮ್ಮಾ,

ಆತು! ನಾನೇ ಮಾಡಿದೆ!

ನಿನ್ನೆ ರವಿವಾರ, ಸಾಲಿ ಇರಲಿಲ್ಲ. ತಲೆ ಮೇಲೆ ನೀರು ಹಾಕಿಕೊಂಡು ಬೀರಪ್ಪನ ಮುಂದೆ ದೀಪ ಹಚ್ಚಿದೆ. ಸಿಲಿಂಡರನ್ನು ಸರಿಸಿಯೇ ಇಟ್ಟೆ, ನೀನು ನಕ್ಕರೂ ಸರಿ. ಅಪ್ಪನ ಹೆಸರನ್ನು ಒಂದೊಂದೇ ಅಕ್ಷರ ಒತ್ತಿದೆ. ನಿನ್ನ ಸಾಲನ್ನು ಒತ್ತಿ ಹನ್ನೊಂದು ಸಲ ಹೋಲಿಸಿ ನೋಡಿದೆ. ಎಂಟರ್ ಒತ್ತುವ ಮುಂಚೆ ಒಂದು ಅಳುಕು ಬಂತು. "ಅಣ್ಣಾ, ನೀ ಬರದದ್ದೇನೂ ಹೋಗೂದಿಲ್ಲ ಹೌದಿಲ್ಲೋ?" ಅಂತ ಕೇಳಿದೆ. ಅಣ್ಣ ಎಡಗೈ ಎತ್ತಿ ಮುಧೋಳದ ದಿಕ್ಕಿಗೆ ತೋರಿಸಿದ. ಅವೆಲ್ಲ ಅಲ್ಲಿವೆ ಅಂತ. ನನಗೂ ಸರಿ ಅನ್ನಿಸಿತು. ಚಾವಡಿಯ ಕೆಂಪು ಡಬ್ಬಿಯನ್ನು ಪೋಸ್ಟಮನ್ ಖಾಲಿ ಮಾಡಿದರೆ ಪತ್ರಗಳು ಹಾಳಾಗಿಬಿಡುತ್ತವೆಯೇ? ಊರು ಮುಟ್ಟಿದ ಮೇಲೆ ಡಬ್ಬಿಯಲ್ಲಿ ಏನಿರುತ್ತದೆ? ಕಸ ಅಂತ ನೀನೂ ಬರೆದಿದ್ದೆ. ಒತ್ತಿದೆ.

ಏನೂ ಆಗಲಿಲ್ಲ. ಒಂದು ಸಪ್ಪಳವಿಲ್ಲ. ಬರೇ ಹೊಸ ಸಾಲಿನಲ್ಲಿ ಆ ಮಿಣುಕು ಗೆರೆ. ಇಷ್ಟಕ್ಕೇ ಇಷ್ಟು ಹೆದರಿದೆನೇ ಅಂತ ನನ್ನ ಮೇಲೆ ನನಗೇ ನಗು ಬಂತು.

ಆಮೇಲೆ ಅಣ್ಣ ತನ್ನ ಹೆಸರಿನಲ್ಲಿ ಒಳಗೆ ಹೋಗಿ ನಿನಗೊಂದು ಪತ್ರ ಬರೆದ. ನೀನು ಕಲಿಸಿದ್ದನ್ನು ಮರೆತಿಲ್ಲ ನೋಡು, ಎಲ್ಲಿಗೆ ಅನ್ನುವ ಕಡೆ ಬರೇ ನಿನ್ನ ಹೆಸರು ಹಾಕುತ್ತಾನೆ. ಊರು ಇಲ್ಲ, ಕೇರಿ ಇಲ್ಲ. "ಹೆಸರ ಒಂದ ಸಾಕ ಬೇ ಅಕ್ಕಾ, ಮಷಿನ್ನಿಗೆ ನಾವು ಗೊತ್ತ" ಅಂತ ನೀನು ಹೇಳಿಕೊಟ್ಟಿದ್ದೆಯಲ್ಲ, ಮೊದಲನೇ ದಿನದಿಂದ ಇಂದಿನವರೆಗೂ ಹಾಗೇ ಕಳಿಸುತ್ತಾನೆ. ಕಾದೆವು. ಮರಳಿ ಬರಲಿಲ್ಲ! ಸಂಜೆ ಎರಡು ರೊಟ್ಟಿ, ಮೇಲೆ ಮಜ್ಜಿಗೆ ಅನ್ನ ಉಂಡ. ಲಗಮವ್ವನಿಗೆ ಕೂಗಿ ಹೇಳಿದೆ.

ಇನ್ನು ನಿನಗೆ ಮೊದಲಿನ ಹಾಗೆ ಮುಟ್ಟುತ್ತವೆ. ಮುಟ್ಟಿತೇ? ಅಷ್ಟು ಒಂದು ಸಾಲು ಬರೆ.

ನಿನ್ನ ಅಕ್ಕ
ಕರೆವ್ವ


ಮುಧೋಳ
17 ನವೆಂಬರ್ 2024

ಅಕ್ಕಾ,

ನಿನ್ನ ಪತ್ರ ಬಂದು ಮೂರು ದಿನವಾಯಿತು. ನಿನ್ನ ನಂಬರಿನ ಬ್ಲಾಕ್ ತೆಗೆದೆ. ಎರಡು ಸಲ ಹಚ್ಚಲು ಹೋಗಿ ಇಟ್ಟೆ. ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ.

ಬರೇ ಹೆಸರು ಹಾಕಿದ ಪತ್ರ ಆ ಯಂತ್ರದಿಂದ ಹೊರಗೆ ಹೋಗುವುದೇ ಇಲ್ಲ. ಅದು ಅಡುಗೆಮನೆಯಿಂದ ಪಡಸಾಲೆಗೆ ಕೂಗಿದ ಹಾಗೆ. ಮನೆಯಲ್ಲಿ ಇದ್ದವನಿಗೆ ಮಾತ್ರ ಕೇಳುತ್ತದೆ. ನಾನು ಆ ಮನೆಯಲ್ಲಿ ಇದ್ದಾಗ ಹಾಗೆ ಕಲಿಸಿದೆ. ಹೊರಗೆ ಹೋದವನಿಗೆ ಬೇರೆ ವಿಳಾಸ ಬೇಕು ಅಂತ ಕಲಿಸಲಿಲ್ಲ. ಆಗ ಯಾರೂ ಹೊರಗೆ ಹೋಗುವವರಿರಲಿಲ್ಲ.

ಅಣ್ಣ ಮೂರು ವರ್ಷ ದಿನಾ ಬರೆದ. ಒಂದೂ ಹಿಪ್ಪರಗಿ ದಾಟಲಿಲ್ಲ. ಎಲ್ಲವೂ ನಿಮ್ಮ ಅಡುಗೆಮನೆಯ ಆ ಪೆಟ್ಟಿಗೆಯಲ್ಲೇ, ನನ್ನ ಹೆಸರಿನ ಡಬ್ಬಿಯಲ್ಲಿ, ಯಂತ್ರದ ದೂರುಗಳ ನಡುವೆ ನಡುವೆ ಕೂತಿದ್ದವು. ಅವನು ಸುಳ್ಳು ಹೇಳಿರಲಿಲ್ಲ.

ಅವನ್ನೆಲ್ಲ ಚೆಲ್ಲು ಅಂತ ನಿನ್ನ ಕೈಗೆ ಸಾಲು ಬರೆದುಕೊಟ್ಟವನು ನಾನು. ಚೆಲ್ಲುವ ಮೊದಲು ಒಂದು ಸಲ ತೆರೆದು ನೋಡು ಅಂತ ಹೇಳಲಿಲ್ಲ. ಯಾರ ಡಬ್ಬಿಯನ್ನೂ ಹಾಗೆ ಖಾಲಿ ಮಾಡಿಸುವವನಲ್ಲ ನಾನು. ಕೆಲಸದಲ್ಲಿ ಯಾರಾದರೂ ಹಾಗೆ ಮಾಡಿದರೆ ಬೈಯುತ್ತೇನೆ. ಇಲ್ಲಿ ಸಿಟ್ಟಿನಲ್ಲಿ, ಅವನು ಬರೆದೇ ಇಲ್ಲ ಅಂತ ನಂಬಿ ಬರೆದೆ. ಆ ಡಿಸ್ಕನ್ನಾದರೂ ಬಿಟ್ಟು ಬಂದಿದ್ದರೆ ದಿನಾ ಬೆಳಗ್ಗೆ ಎಲ್ಲದರ ನಕಲು ಅದರಲ್ಲಿ ಇರುತ್ತಿತ್ತು. ಅದನ್ನೂ ನಾನೇ ಕಿತ್ತುಕೊಂಡು ಬಂದೆ.

ತಪ್ಪು ನಿನ್ನದಲ್ಲ. ಇದನ್ನು ಎರಡು ಸಲ ಓದು. ತಪ್ಪು ನಿನ್ನದಲ್ಲ.

ಅಣ್ಣನಿಗೆ ಹೇಳಬೇಡ. ಮುಟ್ಟಿತು ಅಂತ ಹೇಳು. ಅವನ ಹತ್ತಿರ ಎಲ್ಲಾದರೂ ನಕಲು ಇದೆಯೇ ನೋಡು. ಕಾಗದದ ಮೇಲೆ, ವಹಿಯಲ್ಲಿ, ಎಲ್ಲಾದರೂ.

ದುರಗೇಶ


ಹಿಪ್ಪರಗಿ
24 ನವೆಂಬರ್ 2024

ತಮ್ಮಾ,

ಎರಡಲ್ಲ, ಹತ್ತು ಸಲ ಓದಿದೆ. ಬೆರಳು ನನ್ನದೇ ಅಲ್ಲವೇ? ಅಷ್ಟು ಅಳುಕು ಬಂದಾಗ ಕೈ ತೆಗೆಯಬೇಕಿತ್ತು. ಜೀವಮಾನವೆಲ್ಲ ಇಲ್ಲದ್ದಕ್ಕೆಲ್ಲ ಹೆದರಿದೆ, ಹೆದರಬೇಕಾದ ಒಂದು ಗಳಿಗೆಯಲ್ಲಿ ನಕ್ಕೆ.

ಅಣ್ಣನಿಗೆ ಹೇಳಬಾರದು ಅಂತಲೇ ಇದ್ದೆ. ಆದರೆ ನನ್ನ ಮುಖದ ಮೇಲೆ ಏನೂ ನಿಲ್ಲುವುದಿಲ್ಲ. ರೊಟ್ಟಿ ತಟ್ಟುತ್ತ ಅಳುತ್ತಿದ್ದೆ. ಅವನು ಕೋಲು ಊರಿಕೊಂಡು ಬಂದು ನನ್ನ ಸೆರಗಿನ ಗಂಟಿನಿಂದ ನಿನ್ನ ಪತ್ರ ಎಳೆದುಕೊಂಡ. ಒಂದು ತಾಸು ಹಿಡಿದು ಕೂತ. ಆಮೇಲೆ ಕಂಪ್ಯೂಟರಿಗೆ ಹೋಗಿ ನನ್ನ ಡಬ್ಬಿಗೆ ಬರೆದ. ಇದ್ದ ಹಾಗೆ ಇಳಿಸುತ್ತೇನೆ:

"ತಪ್ಪ ನಂದ. ಊರ ಹೆಸರ ಹಾಕಬೇಕಿತ್ತು. ಓದಿನೂ ಸುಮ್ಮ ಕುಂತಾನ ಅಂತ ಮೂರ ವರ್ಷ ಅವನ ಮ್ಯಾಲ ಸಿಟ್ಟಾಗಿದ್ನಿ. ಪಾಪ, ಅವಂಗ ಗೊತ್ತ ಇಲ್ಲ."

ಬರೆದು, ತಲೆಯನ್ನು ಗೋಡೆಗೆ ಆನಿಸಿ ಕೂತ. ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ. ಲಕ್ವಾ ಹೊಡೆದ ಮೇಲೆ ಅವನ ಮುಖದಲ್ಲಿ ಎರಡೂ ಒಂದೇ ತರಹ ಕಾಣುತ್ತವೆ.

ನೀನು ನಕಲು ಕೇಳಿದ್ದೆ. ಕಾಗದದಲ್ಲಿ ಇಲ್ಲ. ಆದರೆ ಅಣ್ಣನೇ ತೋರಿಸಿಕೊಟ್ಟ: ಮರಳಿ ಬಂದ ಪತ್ರಗಳು ಅವನ ಡಬ್ಬಿಯಲ್ಲಿ ಇವೆ, ಯಂತ್ರದ ಇಂಗ್ಲಿಷಿನ ಕೆಳಗೆ ಅವನು ಬರೆದದ್ದು ಪೂರ್ತಿ ಇದೆ. ನಿನಗೆ ಮುಟ್ಟಿದವು ಅಂತ ನಾವು ಸಮಾಧಾನ ಪಟ್ಟವೆಲ್ಲ ಹೋದವು. ಯಾವುವು ಮರಳಿ ಬಂದವು ಅಂತ ಅವನು ಊಟ ಬಿಟ್ಟನೋ ಅವಷ್ಟೇ ಉಳಿದಿವೆ. ಇಳಿಸಿ ಕಳಿಸು ಅಂತ ತಲೆ ಆಡಿಸಿದ. ಹಾಗಾಗಿ ಓದಿದೆ. ಎಲ್ಲ ಇದರೊಳಗೆ ಇಟ್ಟಿದ್ದೇನೆ. ಸಣ್ಣ ಸಣ್ಣ ಮಾತು. ಒಂದರಲ್ಲಿ, "ಹಿನ್ನೀರಾಗ ಕೊಕ್ಕರೆ ಭಾಳ ಬಂದಾವ, ಗೇಟಿನ ಸಪ್ಪಳಕ್ಕೂ ಏಳವಲ್ಲವು." ಇನ್ನೊಂದರಲ್ಲಿ, "ಕರೆವ್ವ ಇವತ್ತ ಬದ್ನಿಕಾಯಿ ಎಣ್ಣಿಗಾಯಿ ಮಾಡಿದ್ಲು. ನಿನಗ ಅಂತ ಒಂದ ತಾಟಿನಾಗ ಬಿಟ್ಟೆ. ಆಮ್ಯಾಲ ನಾನ ತಿಂದೆ." ಮತ್ತೊಂದರಲ್ಲಿ ನಿನ್ನ ಬೈಕಿಗೆ ಗಾಳಿ ಹಾಕಿಸಿಕೋ ಅಂತ.

ಇದೊಂದನ್ನು ನಿಧಾನಕ್ಕೆ ಓದು. "ನೀ ತಿರುಗಿಸಿದ್ರೂ ನಾ ಬರಿಯೂದ ಬಿಡಾಂಗಿಲ್ಲ. ಅವತ್ತ ಯಾಕ ಕಾಯಲಿಲ್ಲ ಅನ್ನೂದನ್ನ ಮೊದಲನೇ ಪತ್ರದಾಗ ಪೂರಾ ಬರದೀನಿ. ಅದ ಒಂದ ಸಲ ಸಾಕು. ಮತ್ತ ಮತ್ತ ಬರದ್ರ ನೆವ ಹೇಳಿದಂಗ ಆಗ್ತೈತಿ."

ಮೊದಲನೇ ಪತ್ರ, ತಮ್ಮಾ.

ನಿನ್ನ ಅಕ್ಕ
ಕರೆವ್ವ


ಮುಧೋಳ
30 ನವೆಂಬರ್ 2024

ಅಕ್ಕಾ,

ಅಷ್ಟೂ ಪತ್ರಗಳನ್ನು ಓದಿದೆ. ಗಾಳಿ ಹಾಕಿಸಿದೆ.

ಅವನನ್ನು ಕೇಳು. ಆ ದಿನ ಯಾಕೆ ಕಾಯಲಿಲ್ಲ ಅಂತ ಇನ್ನೊಂದು ಸಲ ಬರೆಯಲು ಹೇಳು. ನೆವ ಅಂದುಕೊಳ್ಳುವುದಿಲ್ಲ. ಏನು ಬರೆದರೂ ಒಪ್ಪುತ್ತೇನೆ. ಕೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳು.

ಪ್ರತಿಮಾ ಜಗಳ ತೆಗೆದಳು. "ತಾಸಿನ ಹಾದಿ ಐತಿ, ನೀವ ಹೋಗಿ ಮುಂದ ಕುಂತ ಕೇಳ್ರಿ. ಅಕ್ಕಾರ ಕೈಲೆ ಎಷ್ಟ ಬರಸ್ತೀರಿ?" ಅಂದಳು. ಹೋಗುತ್ತೇನೆ. ಆದರೆ ಬರೀ ಕೈಯಲ್ಲಿ ಅವನ ಮುಂದೆ ನಿಲ್ಲಲು ಆಗುವುದಿಲ್ಲ. ಅವನ ಒಂದು ಪತ್ರ ನನ್ನ ಕೈಗೆ ಬರಲಿ. ಅದನ್ನು ಓದಿದ ದಿನವೇ ಹೊರಡುತ್ತೇನೆ.

ದುರಗೇಶ


ಹಿಪ್ಪರಗಿ
9 ಡಿಸೆಂಬರ್ 2024

ತಮ್ಮಾ,

ಶುಕ್ರವಾರ ದವಾಖಾನೆಯಿಂದ ನಾನು ಫೋನ್ ಹಚ್ಚಿದಾಗ, "ಏನರ ಬರದನೇನ್ ಬೇ?" ಅಂತ ನೀನು ಕೇಳಿದೆ. ನಾನು ಉತ್ತರ ಹೇಳದೆ ಇಟ್ಟುಬಿಟ್ಟೆ. ಅದನ್ನು ಈಗ ಬರೆಯುತ್ತೇನೆ.

ಬುಧವಾರ ಸಂಜೆ ನಿನ್ನ ಪತ್ರವನ್ನು ಅವನಿಗೆ ಕೊಟ್ಟೆ. ಓದಿ ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡ. ಕಂಪ್ಯೂಟರಿನ ಮುಂದೆ ಕೂತು ನಿನ್ನ ಹೆಸರು ಒತ್ತಿದ, ಅಳಿಸಿದ. ಮತ್ತೆ ಒತ್ತಿದ, ಮತ್ತೆ ಅಳಿಸಿದ. ಆಮೇಲೆ ನನ್ನ ಡಬ್ಬಿಗೆ ಒಂದು ಸಾಲು ಬರೆದ: "ದೊಡ್ಡ ಮಾತೈತಿ. ನಾಳಿ ಬರೀತೀನಿ. ಇವತ್ತ ಕೈ ನೋಯ್ತೈತಿ." ಕೈಗೆ ಎಣ್ಣೆ ಹಚ್ಚಿ ತಿಕ್ಕಿದೆ. ನಾಳೆ ಅಂದನಲ್ಲ ಅಂತ ನಾನೂ ಒತ್ತಾಯ ಮಾಡಲಿಲ್ಲ.

ಬೆಳಗ್ಗೆ ಚಹಾ ತಗೊಂಡು ಹೋದಾಗ ಎಡಗೈಯೂ ಏಳಲಿಲ್ಲ.

ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿರಿ ಅಂದರು ಡಾಕ್ಟರು. ನಿನ್ನೆ ಕರೆತಂದೆವು. ಕಣ್ಣು ತೆರೆದಿರುತ್ತದೆ. ಚಮಚೆಯಿಂದ ಗಂಜಿ ಹಾಕುತ್ತೇನೆ. ಕರೆದರೆ ನೋಡುತ್ತಾನೋ, ಸಪ್ಪಳಕ್ಕೆ ಕಣ್ಣು ಹೊರಳುತ್ತದೋ, ನನಗೆ ತಿಳಿಯುವುದಿಲ್ಲ.

ಆ ಮೊದಲನೇ ಪತ್ರದಲ್ಲಿ ಏನಿತ್ತು ಅಂತ ನನಗೆ ಗೊತ್ತಿಲ್ಲ. ಕೇಳಬೇಡ. ಅವತ್ತು ನಾನು ಹೆಂಗಸರ ನಡುವೆ ಕೂತು ಅಳುತ್ತಿದ್ದೆ. ಮೂರು ವರ್ಷ ಅದು ನನ್ನ ರೊಟ್ಟಿ ಹಂಚಿನಿಂದ ನಾಲ್ಕು ಮಾರು ದೂರದಲ್ಲಿ ಇತ್ತು. ನಾನು ಓದಲಿಲ್ಲ. ಓದಬಾರದು ಅಂತ ಓದಲಿಲ್ಲ.

ಶನಿವಾರ ದವಾಖಾನೆಯ ಕಿಟಕಿಯಿಂದ ನೋಡಿದೆ. ಬಂದಿದ್ದೆ ನೀನು. ಮತ್ತೆ ಅದೇ ರಸ್ತೆಯಲ್ಲಿ, ಅದೇ ಬೈಕಿನ ಮೇಲೆ ಕೂತಿದ್ದೆ. ಮೆಟ್ಟಿಲು ಹತ್ತಲಿಲ್ಲ. ನಮ್ಮ ಮನೆಗೆ ಮೆಟ್ಟಿಲು ಇಲ್ಲ, ತಮ್ಮಾ. ಬಾಗಿಲು ಹಾಕಿರುವುದಿಲ್ಲ. ಪತ್ರ ಬರಲಿ ಅಂತ ಕಾಯಬೇಡ, ಇನ್ನು ಬರುವುದಿಲ್ಲ. ಬರುವಾಗ ಆ ಡಿಸ್ಕು ತಗೊಂಡು ಬಾ.

ನಿನ್ನ ಅಕ್ಕ
ಕರೆವ್ವ


ಹಿಪ್ಪರಗಿ, ಮನೆಯ ಕಂಪ್ಯೂಟರಿನಿಂದ
15 ಡಿಸೆಂಬರ್ 2024

ಅಣ್ಣಾ,

ಬರೇ ನಿನ್ನ ಹೆಸರು ಹಾಕಿದ್ದೇನೆ. ಈಗ ಊರಿನ ಹೆಸರು ಬೇಕಾಗಿಲ್ಲ. ನೀನು ಒಳಗಿನ ಕೋಣೆಯಲ್ಲಿ ಮಲಗಿದ್ದೀ, ನಾನು ಅಡುಗೆಮನೆಯಲ್ಲಿ ಕೂತಿದ್ದೇನೆ. ಅಕ್ಕ ಹಿಂದೆ ರೊಟ್ಟಿ ತಟ್ಟುತ್ತಿದ್ದಾಳೆ. ಸಿಲಿಂಡರನ್ನು ಇನ್ನೂ ಬಾಗಿಲ ಹೊರಗೇ ಇಟ್ಟಿದ್ದಾಳೆ.

ಬಂದು ನಾಲ್ಕು ದಿನವಾಯಿತು. ನಿನ್ನ ಕಾಲ ಹತ್ತಿರ ಕೂತಿದ್ದೆ. ಅಪ್ಪನ ಹಾಡು ಹಚ್ಚಿದೆ. ನೀನು ಮೇಲಿನ ಜಂತಿಯನ್ನೇ ನೋಡುತ್ತಿದ್ದೆ. ಯಾಕೆ ಅಂತ ಕೇಳಲಿಲ್ಲ. ಕೇಳಿದರೆ ನಿನ್ನ ಕಣ್ಣು ಏನಾದರೂ ಹೇಳೀತು, ಅದು ನನಗೆ ತಿಳಿಯಲಿಕ್ಕಿಲ್ಲ ಅಂತ ಹೆದರಿಕೆಯಾಯಿತು.

ಅಳಿಸಿದ್ದನ್ನು ಹುಡುಕಿದೆ. ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಹಚ್ಚಿದೆ. ಚೂರುಗಳು ಸಿಕ್ಕವು. ಎಲ್ಲವೂ ಯಂತ್ರದ ದೂರುಗಳೇ: ಡಿಸ್ಕು ಅದರ ಜಾಗದಲ್ಲಿಲ್ಲ, ಡಿಸ್ಕು ಅದರ ಜಾಗದಲ್ಲಿಲ್ಲ. ನಿನ್ನದು ಒಂದು ಸಾಲೂ ಸಿಗಲಿಲ್ಲ. ಆ ಡಿಸ್ಕನ್ನು ಮತ್ತೆ ಅದರ ಜಾಗಕ್ಕೆ ಹಚ್ಚಿದ್ದೇನೆ. ಈ ಬೆಳಗ್ಗೆ ಆರಕ್ಕೆ ಕಾದು ಕೂತೆ. ಮೂರು ವರ್ಷದಲ್ಲಿ ಮೊದಲನೇ ಸಲ ಯಂತ್ರ ನನಗೆ ಏನೂ ಬರೆಯಲಿಲ್ಲ.

ನಿನ್ನೆ ಅಪ್ಪನ ಗದ್ದುಗೆಗೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ. ಒಣ ಮಣ್ಣು, ಗಾಳಿಗೆ ಅರ್ಧ ಹಾರಿಹೋಯಿತು.

ಇದು ನಿನ್ನ ಡಬ್ಬಿಗೆ ಮುಟ್ಟುತ್ತದೆ. ಖಾತ್ರಿಯಾಗಿ ಮುಟ್ಟುತ್ತದೆ, ಅದನ್ನು ಹಾಕಿಕೊಟ್ಟವನು ನಾನೇ. ನೀನು ಎದ್ದು ಬಂದು ತೆರೆಯಲಾರೆ. ಆದರೂ ನೀನು ಬರೆದಷ್ಟು ದಿನ ನಾನೂ ಬರೆಯುತ್ತೇನೆ, ದಿನಕ್ಕೊಂದು, ಸಂಜೆ ಊಟದ ಮೊದಲು. ಉತ್ತರ ಬರಲಿಲ್ಲ ಅಂತ ಸಿಟ್ಟಾಗುವುದಿಲ್ಲ.

ಅಕ್ಕ ತಾಟು ಹಾಕಿದಳು. ನಿನಗೆ ಗಂಜಿ ಹಾಕಿ ಬಂದು ಉಣ್ಣುತ್ತೇನೆ.

ನಿನ್ನ ತಮ್ಮ
ದುರಗೇಶ